ಕಟ್ಟೆ ಉಳಿಸಲು ಹೋದ ಕೆಂಪು ಕಾರು

ಕಳೆದ ಭಾನುವಾರ ಬಸವಕಲ್ಯಾಣದ ಹಳೆ ಪೇಟೆಯಲ್ಲಿ ಸಿಕ್ಕಿಹಾಕಿಕೊಂಡೆ. ನಾನು ಅಂದರೆ ನಾನು ಮತ್ತು ನನ್ನ ಕಾರು. ಎಡಕ್ಕೆ ಬಳೆ ಅಂಗಡಿಯ ಕಲ್ಲುಕಟ್ಟೆ. ಬಲಕ್ಕೆ ಬದನೆಕಾಯಿಯ ತಳ್ಳುಗಾಡಿ. ಹಿಂದೆ ಇಡೀ ಕಲ್ಯಾಣ ಹಾರ್ನ್ ಹೊಡೆಯುತ್ತಿತ್ತು.

ಅಷ್ಟು ಅವಸರದಲ್ಲಿ ಹೊರಟಿದ್ದು ಎಲ್ಲಿಗೆ ಅಂತೀರಾ? ಭಾಷಣಕ್ಕೆ. ವಿಷಯ: ಹಳೆ ಪೇಟೆಗಳು ನಡೆದಾಡುವವರಿಗೇ ಮೀಸಲಾಗಬೇಕು! (ಈಗಲೇ ನಗಬೇಡಿ. ಇನ್ನೂ ಇದೆ.)

ಆ ಗಲ್ಲಿಯನ್ನು ಅಗಲ ಮಾಡಬೇಕೆಂಬ ಮಾತು ಎದ್ದಿದೆ. ಅಂಗಡಿಗಳ ಮುಂದಿನ ಯಾವ ಯಾವ ಕಟ್ಟೆ ಒಡೆಯಬೇಕೋ ಅವಕ್ಕೆಲ್ಲ ಅಳತೆಯವರು ಕೆಂಪು ಬಣ್ಣದ ಗೆರೆ ಎಳೆದು ಹೋಗಿದ್ದಾರೆ. ರಿಟೈರ್ ಆದ ಡ್ರಾಯಿಂಗ್ ಮಾಸ್ತರ, ನನ್ನ ಗೆಳೆಯ ಶಿವರಾಜ ಇದರ ವಿರುದ್ಧ ಸಮಿತಿ ಮಾಡಿ, ಸಭೆ ಕರೆದಿದ್ದ. ಈ ಅಂಕಣದಲ್ಲಿ ನಾನು ಹಳೆ ಕಟ್ಟೆಗಳಿಗಾಗಿ ಎಷ್ಟು ಕಣ್ಣೀರು ಸುರಿಸಿದ್ದೇನೆಂದು ನಿಮಗೇ ಗೊತ್ತು. ಹೀಗಾಗಿ ಮುಖ್ಯ ಅತಿಥಿ ನಾನೇ.

"ಕೋಟಿ ಹತ್ರ ಗಾಡಿ ಹಚ್ಚು. ನಡಕೋತ ಬಾ, ದೂರ ಏನಿಲ್ಲ" ಎಂದು ಶಿವರಾಜ ಫೋನಿನಲ್ಲಿ ಹೇಳಿದ್ದ.

ಕೋಟೆಯಿಂದ ನಡೆಯುವುದೇ? ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು? ಮುಖ್ಯ ಅತಿಥಿ ಬೆವರು ಒರೆಸುತ್ತ ಬಂದರೆ ಅವನ ಮಾತಿಗೆ ತೂಕವೆಲ್ಲಿ?

ಹುಮನಾಬಾದಿನ ಮನೆಯಿಂದ ಹೊರಡುವಾಗ ಹೆಂಡತಿ, "ನಾನೂ ಬರ್ತೀನ್ರಿ, ಕಲ್ಯಾಣದ ಪ್ಯಾಟ್ಯಾಗ ಕೈಗೆ ಬಳಿ ಇಡಿಸ್ಕೋಬೇಕು" ಎಂದಿದ್ದಳು. "ಆ ಗದ್ದಲದಾಗ ಯಾಕ? ಫೋನಿನ್ಯಾಗ ತರಿಸ್ಕೋ" ಎಂದಿದ್ದೆ. ಹಳೆ ಪೇಟೆಯ ಉದ್ಧಾರಕ್ಕೆ ಹೊರಟವನ ಬಾಯಲ್ಲಿ ಎಂಥ ಮಾತು ನೋಡಿ.

ಸರಿ, ಗಲ್ಲಿಗೆ ನುಗ್ಗಿದೆ. ಎದುರಿಗೆ ತಳ್ಳುಗಾಡಿ ಬಂತು. ಎಡಕ್ಕೆ ಎಳೆದೆ. ಕರ್‍ರೆಂದು ಸದ್ದಾಯಿತು. ಊರಿನವರೆಲ್ಲ ಸೇರಿ, ಒಬ್ಬರು ಎಡಕ್ಕೆ ಎನ್ನುತ್ತ, ಇನ್ನೊಬ್ಬರು ಬಲಕ್ಕೆ ಎನ್ನುತ್ತ, ಅಂತೂ ನನ್ನನ್ನು ರಿವರ್ಸ್ ಮಾಡಿಸಿ ಗಲ್ಲಿಯ ಹೊರಗೆ ನಿಲ್ಲಿಸಿದರು. ಆದದ್ದು ಆಯಿತೆಂದು ಮೆಲ್ಲಗೆ ನಡೆದು ಹೊರಟೆ. (ಕೊನೆಗೂ ನಡೆದೆ!)

ಬಳೆ ಅಂಗಡಿಯ ಒಡತಿ, ಪೇಟೆಗೆಲ್ಲ ಅಕ್ಕನಾದ ಶಮೀಮ್ ಆಪಾ ಬಿಡಬೇಕಲ್ಲ. "ಸಾಹೇಬ್ರ, ನಿಂದರ್‍ರಿ. ಏನ್ ಮಾಡೀರಿ ನೋಡ್ರಿ ಇಲ್ಲಿ."

ನೋಡಿದೆ. ಕಟ್ಟೆಯ ಅಂಚಿಗುಂಟ ನನ್ನ ಕಾರಿನ ಬಣ್ಣ ಉದ್ದಕ್ಕೆ ಹತ್ತಿತ್ತು. ಕಾರು ಕೆಂಪು. ಶೋರೂಮಿನಲ್ಲಿ ಹಟ ಹಿಡಿದು ಆ ಬಣ್ಣ ಆರಿಸಿದವನು ನಾನೇ.

"ಬಾಜೂ ಕಟ್ಟಿಗೆಲ್ಲಾ ನಿಶಾನಿ ಹಾಕ್ಯಾರ. ನಮ್ಮದೊಂದ ಗೇಣ ಒಳಗ ಅದ ಅಂತ ಬಿಟ್ಟಿದ್ರು. ಈಗ ನೀವ್ ಬಂದು ಹಾಕಿದ್ರಿ!"

"ಇದು ಕಾರಿನ ಬಣ್ಣ ರೀ ಆಪಾ."

"ನಾಳಿ ಜೆಸಿಬಿ ಬಂದ್ರ ಅದಕ್ಕ ಮಾಲೂಮ್ ಆಗ್ತದೇನ್ರಿ, ಗಾಡಿದು ಯಾವ್ದು, ಸರ್ಕಾರದ್ದು ಯಾವ್ದು ಅಂತ?"

ನಮ್ಮ ಕಡೆ ಬಳೆಯನ್ನು ಕೊಂಡು ಒಯ್ಯುವುದಿಲ್ಲ, ಇಡಿಸಿಕೊಳ್ಳುತ್ತಾರೆ. ಹೆಣ್ಣುಮಗಳು ಕಟ್ಟೆಯ ಮೇಲೆ ಕೂಡಬೇಕು. ಆಪಾ ಎದುರು ಕೂತು, ಅವಳ ಅಂಗೈ ಹಿಚುಕಿ, ಒಂದೊಂದೇ ಗಾಜಿನ ಬಳೆ ಏರಿಸಬೇಕು. ಒಳಗೆ ನೋಡಿದರೆ ಬಳೆ ಗೊಂಚಲುಗಳಿಗೇ ಜಾಗ ಸಾಲದು. ಕಟ್ಟೆ ಹೋದರೆ ಅವರ ಅಂಗಡಿಯೇ ಹೋದಂತೆ.

ಅಷ್ಟರಲ್ಲಿ ಶಿವರಾಜನ ಫೋನು. ನಾನು ಸಿಕ್ಕಿಬಿದ್ದ ಫೋಟೋ ವಾಟ್ಸಾಪಿನಲ್ಲಿ ಸುತ್ತುತ್ತಿದೆಯಂತೆ. ರಸ್ತೆ ಅಗಲವಾಗಲಿ ಎನ್ನುವವರು ಕೆಳಗೆ ಬರೆದಿದ್ದಾರಂತೆ: 'ಮುಖ್ಯ ಅತಿಥಿ ಗಾಡಿನೇ ಹೋಗಂಗಿಲ್ಲ. ಕಟ್ಟಿ ಒಡೀದೇ ಹ್ಯಾಂಗ?'

"ಭಾಷಣ ಇರ್ಲಿ. ಉಪಕಾರ ಆಗ್ತದ, ನೀ ಅಲ್ಲೇ ಇರು" ಎಂದ. ಬಹಳ ಸಿಟ್ಟಿನಲ್ಲಿದ್ದಾಗ ಮಾತ್ರ ಅವನು ಇಷ್ಟು ಮೆತ್ತಗೆ ಮಾತಾಡುತ್ತಾನೆ.

ಆಪಾ ಒಂದು ಚೊಂಬು ನೀರು, ಒಂದಿಷ್ಟು ಉಸುಕು, ಒಂದು ಹಂಚಿನ ಚೂರು ತಂದು ಮುಂದಿಟ್ಟರು. ನಾನು ಜುಬ್ಬಾದ ತೋಳು ಮಡಚಿ, ಕುಕ್ಕುರುಗಾಲಲ್ಲಿ ಕೂತು ತಿಕ್ಕತೊಡಗಿದೆ.

ನಾರಾಯಣಪುರದಿಂದ ಮದುವೆಯ ಬಳೆ ಇಡಿಸಿಕೊಳ್ಳಲು ಹೆಣ್ಣುಮಕ್ಕಳ ದಂಡೇ ಬಂತು. "ಕಾಕಾ, ಸ್ವಲ್ಪ ಸರೀರಿ, ಮದಿಮಗಳು ಕೂಡ್ತಾಳ" ಎಂದಳೊಬ್ಬಳು. ಸರಿದೆ. ತಲೆಯ ಮೇಲೆ ಹಸಿರು ಬಳೆಗಳ ಸದ್ದು, ನಗೆ, ಅತ್ತೆಯಂದಿರ ಕುರಿತ ಚಾಡಿ. ಕೆಳಗೆ ನಾನು.

"ಯಾರ್‍ರಿ ಇವ್ರು? ಏನ್ ಮಾಡಾಕತ್ತಾರ?" ಎಂದು ಮದುಮಗಳ ತಾಯಿ ಕೇಳಿದರು.

"ಕಟ್ಟಿ ಉಳಸಾಕ ಬಂದಾರ" ಎಂದರು ಆಪಾ. ಮುಖದಲ್ಲಿ ನಗುವಿನ ಸುಳಿವಿಲ್ಲ.

ನಾಚಿಕೆಯಾಯಿತು. ಹಳೆ ಪೇಟೆಗೆ ಮರುಜೀವ ಕೊಡುವ ಬಗ್ಗೆ ನಾನು ಬರೆದದ್ದಾದರೂ ಏನು? ಚೆಂದದ ದೀಪದ ಕಂಬ, ಎಲ್ಲ ಅಂಗಡಿಗೂ ಒಂದೇ ನಮೂನೆಯ ಬೋರ್ಡು, ಒಂದು ಸೆಲ್ಫಿ ಪಾಯಿಂಟ್. ಒಮ್ಮೆಯಾದರೂ ಆ ಕಟ್ಟೆಯ ಮೇಲೆ ಕೂತಿದ್ದೆನೇ? ಏನಾದರೂ ಕೊಂಡಿದ್ದೆನೇ? ಅಲ್ಲಿ ಕೂತು ಹರಟುವವರು, ಚೌಕಾಸಿ ಮಾಡುವವರು ಪೇಟೆಯನ್ನು ಜೀವಂತ ಇಟ್ಟಿದ್ದಾರೆ. ನಾನು ಹುಮನಾಬಾದಿನಲ್ಲಿ ಫ್ಯಾನಿನ ಕೆಳಗೆ ಕೂತು ಅದಕ್ಕೆ ಶ್ರದ್ಧಾಂಜಲಿ ಬರೆಯುತ್ತಿದ್ದೆ. ನಮ್ಮ ಓಣಿಯಲ್ಲೂ ಹಿಂದೆ ಕಟ್ಟೆ ಒಡೆದು ಅಗಲ ಮಾಡಿದರು. ಆ ಜಾಗದಲ್ಲಿ ಈಗ ಏನು ನಿಲ್ಲುತ್ತದೆ ಗೊತ್ತೇ? ಇದೇ ಕೆಂಪು ಕಾರು.

ಬಣ್ಣ ಹೋಯಿತು, ಜೊತೆಗೆ ನನ್ನ ಬೆರಳ ತುದಿಯ ಚರ್ಮವೂ. ಆಪಾ ಬಗ್ಗಿ, ಕಣ್ಣು ಕಿರಿದು ಮಾಡಿ ಪರೀಕ್ಷಿಸಿ, ಚಹಾ ತರಿಸಿದರು. ಧೈರ್ಯ ಬಂತು. "ಮನೆಯವಳಿಗೂ ಒಂದು ಡಜನ್ ಕೊಡ್ರಿ" ಎಂದೆ.

"ಕೈ ನೋಡ್ದೆ ಬಳಿ ಹ್ಯಾಂಗ ಕೊಡ್ಲಿ? ಅವ್ರನ್ನ ಕರಕೊಂಡ ಬರ್‍ರಿ. ಗಾಡಿ ಕೋಟಿ ಹತ್ರ ಬಿಡ್ರಿ."

ಗಲ್ಲಿ ಅಗಲವಾಗುತ್ತದೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ. ಕಟ್ಟೆಯನ್ನು ಜೆಸಿಬಿಯಿಂದ ಕಾಪಾಡಲು ಶಿವರಾಜನ ಸಮಿತಿ ಇದೆ. ಸಮಿತಿಯ ಮುಖ್ಯ ಅತಿಥಿಯಿಂದ ಕಾಪಾಡುವವರು ಯಾರು?