ಐವತ್ತು ದಾಟದ ಕಾರು

ನಾಲ್ಕು ವರ್ಷಗಳ ಹಿಂದೆ ನಾನು ಚನ್ನಗಿರಿಯ ಒಂದು ಕಾರು ಮಾರಾಟ ಮಳಿಗೆಯಲ್ಲಿ ಡೆಲಿವರಿ ತರಬೇತುದಾರನಾಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸಣ್ಣದು: ಹೊಸ ಕಾರಿನ ಕೀಲಿಯನ್ನು ಗ್ರಾಹಕರ ಕೈಗಿಡುವ ಮುನ್ನ ಅರ್ಧ ಗಂಟೆ ಅವರಿಗೆ ಆ ವಾಹನದ ಪರಿಚಯ ಮಾಡಿಕೊಡುವುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಗ್ರಾಹಕರು ನನ್ನ ಪಾಲಿಗೆ ಬರುತ್ತಿದ್ದರು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳ ವೇದಿಕೆ ಹತ್ತಿ ಇಳಿದವನು ನಾನು. ಜನರಿಗೆ ಸರಿಯಾಗಿ ಹೇಳಿದರೆ ಅವರು ಸರಿಯಾಗಿಯೇ ನಡೆಯುತ್ತಾರೆ ಎಂಬ ನಂಬಿಕೆ ಆಗ ನನ್ನಲ್ಲಿ ಗಟ್ಟಿಯಾಗಿತ್ತು.

ಆ ಅರ್ಧ ಗಂಟೆಯಲ್ಲಿ ನಾನು ಹೆಚ್ಚು ಹೊತ್ತು ವ್ಯಯಿಸುತ್ತಿದ್ದುದು ಎಂಜಿನ್ ಪಳಗಿಸುವುದರ ಬಗ್ಗೆ. ಹೊಸ ಎಂಜಿನ್ನಿನೊಳಗೆ ಪಿಸ್ಟನ್ನಿನ ಉಂಗುರಗಳೂ ಸಿಲಿಂಡರಿನ ಗೋಡೆಯೂ ಇನ್ನೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದ ಒರಟು ಸವೆದು ಅವು ಕೂಡಿಕೊಳ್ಳಲು ಸುಮಾರು ಸಾವಿರ ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಆಕ್ಸಿಲರೇಟರನ್ನು ಪೂರ್ತಿ ತುಳಿಯಬಾರದು. ನಿಂತಲ್ಲೇ ಬಹಳ ಹೊತ್ತು ಎಂಜಿನ್ ಓಡಿಸಬಾರದು. ಒಂದೇ ವೇಗದಲ್ಲಿ ದೂರ ಸಾಗಬಾರದು, ವೇಗವನ್ನು ಏರಿಸುತ್ತ ಇಳಿಸುತ್ತ ಹೋಗಬೇಕು. ಕಾರಿನೊಂದಿಗೆ ಬರುವ ಕೈಪಿಡಿ ಹೇಳುವುದು ಇಷ್ಟೇ.

ಇದನ್ನು ಇದ್ದ ಹಾಗೆ ಹೇಳಿದಾಗ ಯಾರೂ ಕೇಳಲಿಲ್ಲ. ಸವಳಂಗದ ಒಬ್ಬರು ಕಾರು ಪಡೆದ ದಿನವೇ ಹೆದ್ದಾರಿಯಲ್ಲಿ ನೂರಿಪ್ಪತ್ತು ಮುಟ್ಟಿಸಿ, ಆ ವಿಡಿಯೋವನ್ನು ನನಗೇ ಕಳುಹಿಸಿದರು. ನ್ಯಾಮತಿಯ ವ್ಯಾಪಾರಿಯೊಬ್ಬರು ನನ್ನ ಮಾತನ್ನು ಅರ್ಧಕ್ಕೇ ತಡೆದು, “ಕಾರು ತಗಂಡಿರೋದು ಓಡಿಸಾಕೆ ಸಾರ್, ತೊಟ್ಟಿಲಾಗೆ ಹಾಕಿ ತೂಗಾಕಲ್ಲ” ಎಂದು ಸುತ್ತಲಿನವರನ್ನು ನಗಿಸಿದರು. ಆ ನಗು ನನಗೆ ನಾಟಿತು. ಮೃದುವಾಗಿ ಹೇಳಿದ ಸತ್ಯಕ್ಕೆ ಬೆಲೆ ಇಲ್ಲ, ಎದುರಾಳಿಯನ್ನು ಬೆಚ್ಚಿಬೀಳಿಸಿದರೆ ಮಾತ್ರ ವಾದ ಗೆಲ್ಲುತ್ತದೆ ಎಂದು ತೀರ್ಮಾನಿಸಿದೆ. ಕೈಪಿಡಿಯ ಸೂಚನೆಗಳನ್ನೆಲ್ಲ ಕಿತ್ತುಹಾಕಿ ಒಂದೇ ಸಾಲಿನ ಕೆಂಪು ಸ್ಟಿಕ್ಕರ್ ಅಚ್ಚು ಹಾಕಿಸಿದೆ: ‘ಸಾವಿರ ಕಿ.ಮೀ.ವರೆಗೆ ಐವತ್ತು ದಾಟಬೇಡಿ.’ ಅದನ್ನು ಸ್ಟೇರಿಂಗಿನ ಪಕ್ಕದಲ್ಲಿ ನಾನೇ ಅಂಟಿಸಿ, ದನಿ ತಗ್ಗಿಸಿ ಹೇಳುತ್ತಿದ್ದೆ: “ದಾಟಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ.” ಹಿಡಿದುಕೊಳ್ಳುವುದೆಂದರೆ ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡು, ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಗುವುದು. ಐವತ್ತು ದಾಟಿದ ಮಾತ್ರಕ್ಕೆ ಅದು ಆಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಉದ್ದೇಶ ಒಳ್ಳೆಯದಲ್ಲವೇ ಎಂದುಕೊಂಡೆ.

ಜಗಳೂರು ತಾಲ್ಲೂಕಿನ ಸೊಕ್ಕೆಯ ಮಹಬೂಬಣ್ಣ ನನ್ನ ಆ ಮಾತನ್ನು ಅಕ್ಷರಶಃ ನಂಬಿದವರು. ಹದಿನೈದು ವರ್ಷ ಬೇರೆಯವರ ಟೆಂಪೋ ಓಡಿಸಿ, ಬಾಡಿಗೆಗೆ ಬಿಡಲೆಂದು ತಮ್ಮದೇ ಮೊದಲ ಕಾರು ಕೊಂಡಿದ್ದರು. ಗ್ರಾಹಕರ ಮನೆಗೇ ಹೋಗಿ ವಾಹನವನ್ನು ನೋಡಿಬರುವ ಪದ್ಧತಿಯನ್ನು ನಾನಾಗಿಯೇ ಆರಂಭಿಸಿದ್ದೆ. ಹಾಗೆ ಅವರು ಕಾರು ಪಡೆದ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಬಸ್ಸು ಹಿಡಿದು ಅವರ ಮನೆ ತಲುಪಿದೆ. ಮೀಟರ್ ಆರುನೂರ ನಲವತ್ತು ಕಿಲೋಮೀಟರ್ ತೋರಿಸುತ್ತಿತ್ತು. “ಒಂದು ದಿನಾನೂ ಐವತ್ತು ದಾಟಿಸಿಲ್ಲ ಸಾರ್. ಎತ್ತಿನ ಗಾಡಿಯೋರು ಹಿಂದೆ ತಿರುಗಿ ನಕ್ಕೊಂಡು ಹೋಗ್ತಾರೆ” ಎಂದರು ಮಹಬೂಬಣ್ಣ. ಅವರ ತಾಯಿ ಟೀ ತಂದಿಟ್ಟು, ಮಗ ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನೂ ಇಷ್ಟು ಜೋಪಾನ ಮಾಡಿರಲಿಲ್ಲ ಎಂದು ಛೇಡಿಸಿದರು. ನಾನು ಹೆಮ್ಮೆಯಿಂದ ಬೀಗಿದೆ. ಆರುನೂರ ನಲವತ್ತು ಕಿಲೋಮೀಟರನ್ನೂ ಒಂದೇ ವೇಗದಲ್ಲಿ ಓಡಿಸುವುದೇ ಕೈಪಿಡಿ ಬೇಡವೆಂದ ತಪ್ಪು ಎನ್ನುವುದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ.

ಟೀ ಲೋಟ ಕೆಳಗಿಡುವಷ್ಟರಲ್ಲಿ ಹೊಲದ ಕಡೆಯಿಂದ ಕೂಗು ಕೇಳಿಸಿತು. ಮೆಕ್ಕೆಜೋಳದ ಹೊಲಕ್ಕೆ ಹೋಗಿದ್ದ ಮಹಬೂಬಣ್ಣನ ಹೆಂಡತಿ ಜರೀನಾ ಅವರ ಮೇಲೆ ಹುಣಸೆಮರದ ಹೆಜ್ಜೇನು ಎರಗಿತ್ತು. ಇಬ್ಬರು ಹೆಂಗಸರು ಅವರನ್ನು ನಡೆಸಿಕೊಂಡು ತಂದರು. ಮುಖ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು. ಅದಕ್ಕಿಂತ ನನ್ನನ್ನು ನಡುಗಿಸಿದ್ದು ಅವರ ಉಸಿರು. ಒಳಗೆಳೆದಾಗಲೆಲ್ಲ ಗಂಟಲಿನಲ್ಲಿ ಸೀಟಿಯಂಥ ಸದ್ದು. ಆಂಬುಲೆನ್ಸಿಗೆ ಕಾಯುವಷ್ಟು ಸಮಯವಿಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ಎದೆಗೆ ಒರಗಿಸಿ ಅವರನ್ನು ಕೂರಿಸಿದೆವು. ನಾನು ಮುಂದೆ ಕುಳಿತೆ. ಜಗಳೂರಿನ ಆಸ್ಪತ್ರೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ.

ಊರು ದಾಟಿದ ಮೇಲೆ ರಸ್ತೆ ನೇರವಾಗಿತ್ತು, ಖಾಲಿಯಾಗಿತ್ತು. ಮುಳ್ಳು ಏರಿತು: ಮೂವತ್ತು, ನಲವತ್ತು, ಐವತ್ತು. ಅಲ್ಲಿಗೆ ನಿಂತಿತು. ತಿರುವು ಬರುತ್ತಿರಬಹುದೆಂದು ಸುಮ್ಮನಿದ್ದೆ. ತಿರುವು ಬರಲಿಲ್ಲ. ಹಿಂದಿನಿಂದ ಬರುತ್ತಿದ್ದ ಸೀಟಿ ಸದ್ದು ಸಣ್ಣದಾಗುತ್ತಿತ್ತು, ಎರಡು ಉಸಿರುಗಳ ನಡುವಿನ ಅಂತರ ಹೆಚ್ಚುತ್ತಿತ್ತು. ಮಹಬೂಬಣ್ಣನ ಕಾಲು ಆಕ್ಸಿಲರೇಟರನ್ನು ಅದಕ್ಕಿಂತ ಮುಂದೆ ಒತ್ತುತ್ತಿರಲಿಲ್ಲ. ಹಣೆಯ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಒಮ್ಮೆ ರಸ್ತೆಯ ಮೇಲೆ, ಒಮ್ಮೆ ನನ್ನ ಕೆಂಪು ಸ್ಟಿಕ್ಕರಿನ ಮೇಲೆ.

“ಮಹಬೂಬಣ್ಣ, ಜೋರಾಗಿ ಹೋಗಿ” ಎಂದೆ.

“ಹೆಂಗೆ ಹೋಗ್ಲಿ ಸಾರ್? ಐವತ್ತು ದಾಟಿದ್ರೆ ಎಂಜಿನ್ ಹಿಡ್ಕಳ್ತೈತೆ ಅಂದೋರು ನೀವೇ ಅಲ್ಲೇನ್ರಿ. ಈ ಬಯಲಾಗೆ ಗಾಡಿ ನಿಂತ್ರೆ ಇವಳನ್ನ ಹೆಂಗೆ ಉಳಿಸ್ಕಳ್ಲಿ?”

ಆಗ ನನಗೆ ಅರ್ಥವಾಯಿತು. ಅವರು ಕಾರನ್ನು ಕಾಪಾಡುತ್ತಿರಲಿಲ್ಲ, ಹೆಂಡತಿಯನ್ನು ಕಾಪಾಡುತ್ತಿದ್ದರು. ನನ್ನ ಮಾತನ್ನು ನಂಬಿದ ಮನುಷ್ಯ ಮಾಡಬಹುದಾದ ಅತ್ಯಂತ ವಿವೇಕದ ಕೆಲಸವನ್ನೇ ಅವರು ಮಾಡುತ್ತಿದ್ದರು. ಅದು ಹಾಗಲ್ಲ, ನಾನು ಹೇಳಿದ್ದು ಸಾಮಾನ್ಯ ಸಂದರ್ಭಕ್ಕೆ, ಕೈಪಿಡಿಯ ಆಶಯ ಬೇರೆ ಎಂದೆಲ್ಲ ಆರಂಭಿಸಿದೆ. ಆ ಹೊತ್ತಿನಲ್ಲೂ ನಾನು ನನ್ನ ಪಕ್ಷವನ್ನು ಸಮರ್ಥಿಸಿಕೊಳ್ಳುತ್ತಿದ್ದೆ.

ಅವರು ನನ್ನ ಕಡೆ ತಿರುಗಲಿಲ್ಲ. “ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳೋದು ಸುಳ್ಳೋ? ಅದೊಂದು ಹೇಳ್ರಿ ಸಾರ್.”

ಇಂಥ ಪ್ರಶ್ನೆಯನ್ನು ಯಾವ ವೇದಿಕೆಯಲ್ಲೂ ಯಾರೂ ನನಗೆ ಕೇಳಿರಲಿಲ್ಲ. ಸ್ಟಿಕ್ಕರಿಗೆ ಉಗುರು ಹಾಕಿ ಎಳೆದೆ. ಅರ್ಧ ಹರಿದು ಬಂತು, ಅರ್ಧ ಅಲ್ಲೇ ಉಳಿಯಿತು. “ಅವತ್ತು ಹೇಳಿದ್ದು ಸುಳ್ಳು” ಎಂದೆ. “ನೀವು ಹೆದರಿ ನನ್ನ ಮಾತು ಕೇಳಲಿ ಅಂತ ಹೇಳಿದ ಸುಳ್ಳು. ಎಂಜಿನ್ ನಿಲ್ಲೋದಿಲ್ಲ. ಒತ್ತಿ.”

ಮುಳ್ಳು ಇನ್ನೂ ಐವತ್ತರಲ್ಲೇ ಇತ್ತು. ಹಿಂದಿನಿಂದ ತಾಯಿ ಮಗನಿಗೆ ಒಂದೇ ಮಾತು ಹೇಳಿದರು: “ಒತ್ತಪ್ಪ. ತಪ್ಪು ಒಪ್ಕಂಡೋನು ಈಗ ಯಾಕೆ ಸುಳ್ಳು ಹೇಳ್ತಾನೆ?”

ಮುಳ್ಳು ಅರವತ್ತು ದಾಟಿತು, ಎಪ್ಪತ್ತು ದಾಟಿತು, ಎಂಬತ್ತೈದರ ಹತ್ತಿರ ನಿಂತಿತು. ಈಗ ಭಯ ನನ್ನ ಪಾಲಿಗೆ ಬಂತು. ನೂರಾರು ಸಲ ನಾನೇ ಹೇಳಿದ ಸುಳ್ಳು ನನ್ನೊಳಗೂ ಬೇರುಬಿಟ್ಟಿತ್ತು. ಎಂಜಿನ್ನಿನ ಒಂದೊಂದು ಸದ್ದಿಗೂ ಕಿವಿಗೊಟ್ಟೆ. ಈ ಗೊರಗೊರ ಮೊದಲೇ ಇತ್ತೇ? ಈ ಬಿಸಿ ವಾಸನೆ ಹೊರಗಿನದೋ, ಬಾನೆಟ್ಟಿನ ಒಳಗಿನದೋ? ನನಗೆ ಗೊತ್ತಿದ್ದ ತಂತ್ರಜ್ಞಾನವೆಲ್ಲ ಆ ಹನ್ನೆರಡು ಹದಿಮೂರು ಕಿಲೋಮೀಟರಿನಲ್ಲಿ ನನ್ನ ನೆರವಿಗೆ ಬರಲಿಲ್ಲ. ಹಿಂದೆ ತಿರುಗಿ ನೋಡುವ ಧೈರ್ಯವೂ ಇರಲಿಲ್ಲ. ಸೀಟಿ ಸದ್ದು ಎಲ್ಲಿ ನಿಂತುಹೋಗುವುದೋ ಎಂದು ಹೆದರಿ ಕುಳಿತಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಜರೀನಾ ಅವರಿಗೆ ಪ್ರಜ್ಞೆ ಇರಲಿಲ್ಲ, ಉಸಿರಿತ್ತು. ವೈದ್ಯರು ತೊಡೆಗೆ ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಇನ್ನೈದು ನಿಮಿಷ ತಡವಾಗಿದ್ದರೆ ಗಂಟಲು ಪೂರ್ತಿ ಮುಚ್ಚಿಹೋಗುತ್ತಿತ್ತು ಎಂದರು. ಊರಿನಿಂದ ಕೊನೆಯವರೆಗೂ ಐವತ್ತರಲ್ಲೇ ಬಂದಿದ್ದರೆ ಎಷ್ಟು ತಡವಾಗುತ್ತಿತ್ತೆಂದು ಲೆಕ್ಕ ಹಾಕಿದೆ. ಉತ್ತರ ಐದರ ಹತ್ತಿರವೇ ಬಂತು. ಗೋಡೆಗೆ ಒರಗಿ ಕುಳಿತೆ. ಮಹಬೂಬಣ್ಣ ನನ್ನ ಪಕ್ಕದಲ್ಲೇ ಕುಳಿತರು. ಬೈಯಲಿಲ್ಲ. ಸಂಜೆ ಜರೀನಾ ಕಣ್ಣು ಬಿಟ್ಟು ನೀರು ಕೇಳಿದ ಮೇಲೆಯೇ ನಾನು ಬಸ್ಸು ಹತ್ತಿದೆ.

ಮರುದಿನ ಉಳಿದ ಸ್ಟಿಕ್ಕರುಗಳ ಕಟ್ಟನ್ನು ಹರಿದು ಹಾಕಿ, ಅದುವರೆಗೆ ಕಾರು ಪಡೆದಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ನಾನು ಹೇಳಿದ್ದು ತಪ್ಪೆಂದು ತಿಳಿಸಿದೆ. ಕೆಲವರು ನಕ್ಕರು. ಹೊನ್ನಾಳಿಯ ಒಬ್ಬರು ನಾನು ಅಂಥ ಮಾತು ಹೇಳಿದ್ದೇ ನೆನಪಿಲ್ಲವೆಂದರು. ತ್ಯಾವಣಿಗೆಯ ಒಬ್ಬ ನಿವೃತ್ತ ಶಿಕ್ಷಕರು ಮಾತ್ರ, ತಾವೂ ಅದುವರೆಗೆ ಐವತ್ತರಲ್ಲೇ ಹೋಗುತ್ತಿದ್ದುದಾಗಿ ಹೇಳಿದರು. ಅಂದಿನಿಂದ ಪ್ರತಿಯೊಂದು ನಿಯಮದ ಜೊತೆಗೆ ಅದರ ಕಾರಣವನ್ನೂ, ಅದನ್ನು ಯಾವಾಗ ಮುರಿಯಬೇಕೆಂಬುದನ್ನೂ ಹೇಳುತ್ತಿದ್ದೇನೆ. ಅರ್ಧ ಗಂಟೆಯ ಪಾಠ ಮುಕ್ಕಾಲು ಗಂಟೆಯಾಗಿದೆ, ಎದುರಿನವರು ಆಕಳಿಸುತ್ತಾರೆ. ಆಕಳಿಸಲಿ. ಭಯದಿಂದ ಕಲಿತವನಿಗೆ ನಿಯಮವಷ್ಟೇ ನೆನಪಿರುತ್ತದೆ, ಅದು ಯಾತಕ್ಕಾಗಿ ಎಂಬುದು ತಿಳಿದಿರುವುದಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇದು.

ಮಹಬೂಬಣ್ಣನ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಸಾವಿರ ಕಿಲೋಮೀಟರಿನ ಮೊದಲ ಸರ್ವೀಸಿಗೆ ಬಂದಾಗ ಅವರ ಜೊತೆ ಜರೀನಾ ಅವರೂ ಇದ್ದರು. ಸ್ಟಿಕ್ಕರಿನ ಉಳಿದರ್ಧ ಇನ್ನೂ ಅಲ್ಲೇ ಇತ್ತು. ತೆಗೆಯಲು ಹೋದರೆ ಮಹಬೂಬಣ್ಣ ಬಿಡಲಿಲ್ಲ. ಮುಂದಿನ ಆಯಿಲ್ ಬದಲಾವಣೆ ಯಾವಾಗೆಂದು ನಾನು ವಿವರಿಸತೊಡಗಿದಾಗ ಅವರು ಕೈ ಎತ್ತಿ ತಡೆದರು.

“ಸಾರ್, ಇದು ನಿಜಾನಾ, ಭಾಷಣಾನಾ?”

ಅವರು ಈಗಲೂ ಪ್ರತಿ ಸರ್ವೀಸಿಗೂ ಅದನ್ನೇ ಕೇಳುತ್ತಾರೆ. ನಾನು ಪ್ರತಿ ಸಲವೂ ಒಂದು ಗಳಿಗೆ ನಿಂತು, ಹೇಳಿದ್ದನ್ನು ಮನಸ್ಸಿನಲ್ಲೇ ತೂಗಿ ನೋಡಿ, ಆಮೇಲೆ ಉತ್ತರ ಕೊಡುತ್ತೇನೆ.