ಎಮ್ಮೆಯ ಲಿವರಿನ ಎರಡು ಸ್ಲೈಡು

ಸಂತೋಷವಾಯಿತೆಂದು ಎಸ್‌ಟಿಡಿ ಬೂತಿಗೆ ಓಡಬಾರದು. ನಾನು ಓಡಿದೆ. ಈ ವಾರದ ಫಜೀತಿಗೆ ಅದೇ ಕಾರಣ.

ಮೇಲವಂಕಿಯಲ್ಲಿರುವ ನನ್ನ ಅಕ್ಕನ ಎಮ್ಮೆ ಈ ಬೇಸಿಗೆಯಲ್ಲಿ ಸತ್ತಿತು. ಹೊಸ ತಗಡಿನ ಶೆಡ್ಡು, ಮಟಮಟ ಮಧ್ಯಾಹ್ನ. ಬಿಸಿಲಿಗೇ ಸತ್ತಿತು ಎಂದಳು ಅಕ್ಕ. ಶೆಡ್ಡು ಕಟ್ಟಿಸಿದ ಭಾವ ಒಪ್ಪುತ್ತಾರೆಯೇ? ಬಾಜೂ ಮನೆಯ ಮಲ್ಲಪ್ಪನೇ ವಿಷ ಹಾಕಿದ ಎಂದು ಹಟ ಹಿಡಿದರು. (ಎಮ್ಮೆ ಮಲ್ಲಪ್ಪನ ಕಬ್ಬಿಗೆ ಬಾಯಿ ಹಾಕುತ್ತಿದ್ದದ್ದು ನಿಜ. ಅವನು ಬೈದದ್ದೂ ನಿಜ.) ಬಾಲ್ಯದ ಗೆಳೆಯರಾಗಿದ್ದ ಅವರಿಬ್ಬರೂ ಮಾತು ಬಿಟ್ಟರು.

ಅಕ್ಕನ ಮಗಳು ಪದ್ಮಾ ಪಶುವೈದ್ಯಕೀಯ ಓದುತ್ತಾಳೆ. ಎಮ್ಮೆಯನ್ನು ಕೊಯ್ದು ನೋಡಿದ ಡಾಕ್ಟರಿಂದ ಲಿವರಿನ ಚೂರು ಇಸಿದುಕೊಂಡು ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟಿದ್ದಳು. ಕಳೆದ ಗುರುವಾರ ಹುಕ್ಕೇರಿಯಿಂದ ಬಸ್ಸು ಹಿಡಿದು ಅವಳ ಲ್ಯಾಬಿಗೆ ಹೋದೆ.

"ಜೀವಕೋಶಕ್ಕ ಬಿಸಿ ತಾಗಿದ್ರ ಒಂದು ಪ್ರೋಟೀನ್ ಜಾಸ್ತಿ ಮಾಡ್ಕೋತೈತಿ ಮಾಮಾ. ಹೀಟ್ ಶಾಕ್ ಪ್ರೋಟೀನ್ ಅಂತಾರ. ಈ ಆಂಟಿಬಾಡಿ ಅದನ್ನ ಹುಡುಕಿ ಹಿಡಕೋತೈತಿ. ಆಮ್ಯಾಲ ಬಣ್ಣ ಹಾಕಿದ್ರ ಅಲ್ಲಷ್ಟ ಕಂದು ಆಗತೈತಿ."

ಗಾಜಿನ ಮೇಲೆ ಉಳ್ಳಾಗಡ್ಡಿ ಪೊರೆಗಿಂತ ತೆಳುವಾದ ಚೂರು. ಅದಕ್ಕೆ ಹನಿ ಹಾಕುವುದು, ಕಾಯುವುದು, ತೊಳೆಯುವುದು. ಸತ್ತ ಎಮ್ಮೆ ತನ್ನ ಕೊನೆಯ ಮಧ್ಯಾಹ್ನವನ್ನು ಲಿವರಿನಲ್ಲಿ ಬರೆದಿಟ್ಟು ಹೋಗಿರುತ್ತದೆಯೇ? ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಕಂದು! ಅಪ್ಪಟ ಬೆಲ್ಲದ ಬಣ್ಣ.

ಬೂತಿಗೆ ಓಡಿ ಅಕ್ಕನಿಗೆ ಫೋನ್ ಹಚ್ಚಿದೆ. "ಬಿಸಿಲಿಗೇ ಸತ್ತೈತಿ ಅಕ್ಕಾ! ಮಲ್ಲಪ್ಪಂದು ಏನೂ ತಪ್ಪಿಲ್ಲ!"

ತಿರುಗಿ ಬಂದರೆ ಪದ್ಮಾಳ ಮುಖ ಸಪ್ಪಗಿತ್ತು. ಆಂಟಿಬಾಡಿ ಹಾಕದೆಯೇ ಇನ್ನೊಂದು ಸ್ಲೈಡು ಮಾಡಿದ್ದಳಂತೆ. ಅದಕ್ಕೆ ಕಂದು ಬರಲೇಬಾರದು. ಅದೂ ಕಂದಾಗಿತ್ತು.

"ಲಿವರಿನೊಳಗ ಇರೋ ಒಂದು ಕಿಣ್ವಾನೂ ಹಿಂಗ ಬಣ್ಣ ತರಸ್ತೈತಿ. ಅದನ್ನ ಮೊದಲ ಸುಮ್ನ ಮಾಡಬೇಕಿತ್ತು, ಮರತೆ. ಈ ಸ್ಲೈಡಿನಿಂದ ಏನೂ ಹೇಳಾಕ ಬರಂಗಿಲ್ಲ ಮಾಮಾ. ಖರೆ ಅಂದ್ರ, ಸರಿಯಾಗಿ ಬಂದ್ರೂ ಜೀವಕೋಶ ತ್ರಾಸಿನ್ಯಾಗ ಇತ್ತು ಅಂತಷ್ಟ ಹೇಳಬಹುದು. ವಿಷಕ್ಕೂ ಆ ಪ್ರೋಟೀನ್ ಏರಬಹುದು."

ನಾಚಿಕೆಯಾಯಿತು. ಆದರೂ ಆ ಎರಡನೇ ಸ್ಲೈಡಿನ ಪದ್ಧತಿ ನನಗೆ ಬಹಳ ಹಿಡಿಸಿತು. ಬೇಕಾದ ಉತ್ತರ ಸಿಕ್ಕಾಗಲೇ ತನ್ನನ್ನು ತಾನು ಅನುಮಾನಿಸುವುದು! ಮಲ್ಲಪ್ಪನನ್ನು ದೂರುವ ಮೊದಲು ಭಾವ ಅಂಥದ್ದೊಂದನ್ನು ಇಟ್ಟು ನೋಡಲಿಲ್ಲ. ಫೋನ್ ಹಚ್ಚುವ ಮೊದಲು ನಾನೂ ನೋಡಲಿಲ್ಲ.

ತಪ್ಪು ತಿದ್ದೋಣವೆಂದು ಮರುದಿನ ಮತ್ತೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ತಮ್ಮಾ, ನಿಮ್ಮ ಭಾವ ತಾವ ಮಲ್ಲಪ್ಪನ ಮನಿಗೆ ಹೋಗಿ ತಪ್ಪಾತು ಅಂದ್ರು. ಈಗ ಇಬ್ರೂ ಕೂಡಿ ಬಿಸಿಲು ತಾಗಬಾರದಂತ ಶೆಡ್ಡಿನ ಮ್ಯಾಲ ಕಬ್ಬಿನ ಒಣಗರಿ, ರವದಿ ಹೊಚ್ಚಾಕತ್ತಾರ!" ಎಂದಳು. ದನಿಯಲ್ಲಿ ನಗು ತುಂಬಿತ್ತು. ನಾನು ಎರಡನೇ ಸ್ಲೈಡಿನ ಮಾತು ಎತ್ತದೆ "ಚಲೋ ಆತು" ಎಂದು ಫೋನ್ ಇಟ್ಟೆ.

ಪದ್ಮಾಳ ಹತ್ತಿರ ಲಿವರಿನ ಚೂರು ಇನ್ನೂ ಒಂದು ಉಳಿದಿದೆ. "ಮತ್ತ ಮಾಡ್ಲಿ ಏನ್ ಮಾಮಾ?" ಎಂದು ಕೇಳುತ್ತಿದ್ದಾಳೆ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?