ನಾನು ನಯ ಮಾಡಿದ ಸಾಲು

ಇಷ್ಟ್ವಾನ್ ಸಾಹೇಬರು ಹೇಳಿದ ಒಂದು ಸಾಲನ್ನು ನಾನು ಬದಲಾಯಿಸಿದೆ. ಅವರಿಗೆ ತಿಳಿಸಲಿಲ್ಲ. ತಿಳಿಸಲೇಬೇಕಾದ ದಿನ ಬಂದಾಗಲೂ—ಇಲ್ಲ.

ಗಲ್ಫಿನಲ್ಲಿ, ಘಾಲಾದ ಒಂದು ಕಂಪನಿಯಲ್ಲಿ ಅವರು ಹಂಗೇರಿಯ ಇಂಜಿನಿಯರ್, ನಾನು ಉಡುಪಿ ಕಡೆಯ ಸೆಕ್ರೆಟರಿ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಸಿಟ್ಟಿನಲ್ಲಿ ಹೇಳಿದ ಪತ್ರಗಳನ್ನು ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ನಯ ಮಾಡಿ ಟೈಪ್ ಮಾಡುತ್ತಿದ್ದೆ. ಅವರು ಓದದೆ ಸಹಿ ಹಾಕುತ್ತಿದ್ದರು. ನನಗೆ ಅದರ ಜಂಬವೂ ಇತ್ತು.

ನಿವೃತ್ತಿಗೆ ಮುಂಚೆ, ಶನಿವಾರಗಳಲ್ಲಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಮನೆಗೆ ಕರೆದು ತಮ್ಮ ಪಕ್ಷದ ಚರಿತ್ರೆ ಬರೆಸಿದರು. ಕಮ್ಯುನಿಸ್ಟರ ಆಳ್ವಿಕೆ ಮುಗಿದ ಹೊಸತರಲ್ಲಿ ಅವರೂ ಗೆಳೆಯ ಲಾಸ್ಲೋ ಎಂಬವರೂ ಸೇರಿ ಕಟ್ಟಿದ ಪುಟ್ಟ ಸಂಪ್ರದಾಯವಾದಿ ಪಕ್ಷ—ಚರ್ಚು, ಹೊಲ, ಹಿರಿಯರ ಮರ್ಯಾದೆ ಉಳಿಯಬೇಕು ಎನ್ನುವವರದು. ಐದು ವರ್ಷವೂ ಬಾಳಲಿಲ್ಲ. ದೊಡ್ಡ ಪಕ್ಷದಲ್ಲಿ ಸೇರಿಬಿಡೋಣವೇ ಎಂದು ಗುಟ್ಟಾಗಿ ಮತ ಹಾಕಿದಾಗ, ಒಂದೇ ಮತದ ಅಂತರದಿಂದ ಅದರ ಕತೆ ಮುಗಿಯಿತು. ಸೇರುವುದು ಬೇಡವೆಂದಿದ್ದ ಲಾಸ್ಲೋ ಆ ಹೊತ್ತಿಗೆ ತೀರಿಕೊಂಡಿದ್ದರು. ಅಪ್ಪನ ಪಕ್ಷಕ್ಕೆ ಏನಾಯಿತೆಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿ ಎಂದು ಕೇಳಿದ್ದು ಕೆನಡಾದಲ್ಲಿ ಬೆಳೆದ ಲಾಸ್ಲೋ ಅವರ ಮಗಳು ಆನಾ.

ಕೊನೆಯ ಶನಿವಾರ ಸಾಹೇಬರು ಹೇಳಿ ಬರೆಸಿದರು: "ಆ ಒಂದು ಮತ ನನ್ನದು. ಆಮೇಲೆ ನಿನ್ನ ಅಪ್ಪನನ್ನು ತಬ್ಬಿಕೊಂಡು, ಅವನ ಕಡೆಗೇ ಹಾಕಿದೆ ಎಂದು ಸುಳ್ಳು ಹೇಳಿದೆ."

ಅವರ ಕಣ್ಣಲ್ಲಿ ನೀರಿತ್ತು. ಈ ಇಳಿವಯಸ್ಸಿನಲ್ಲಿ ಆ ಹುಡುಗಿ ಇವರನ್ನು ದ್ವೇಷಿಸಬಾರದು ಎಂದು—'ಯಾರೋ ಒಬ್ಬರು ಮನಸ್ಸು ಬದಲಾಯಿಸಿದರು' ಎಂದು ಟೈಪ್ ಮಾಡಿದೆ. ಅವರು ಎಂದಿನಂತೆ ಸಹಿ ಹಾಕಿದರು.

ಆನಾ ಉತ್ತರ ಬರೆದಳು: "ಅದು ನೀವೇ ಎಂದು ಅಪ್ಪನಿಗೆ ಗೊತ್ತಿತ್ತು. ನೀವು ಬಾಯಿಬಿಟ್ಟು ಹೇಳಿದರೆ ಸಾಕು ಎಂದು ಕಾದರು. ನಾನೂ ಕಾದೆ. ಇನ್ನು ಬರೆಯಬೇಡಿ."

ಕಾಗದ ಹಿಡಿದುಕೊಂಡೇ ಸಾಹೇಬರು ಕೇಳಿದರು, "ನಾನು ಹೇಳಿದ್ದೆನಲ್ಲ? ನೀನು ಟೈಪ್ ಮಾಡಿದ್ದೆಯಲ್ಲ?"

"ಮಾಡಿದ್ದೆ ಸರ್."

ಅವರು ಪತ್ರದ ನಕಲು ತೆಗೆದು ನೋಡಲಿಲ್ಲ. ನನ್ನ ಮಾತೇ ಸಾಕಿತ್ತು ಅವರಿಗೆ. ತಪ್ಪೊಪ್ಪಿಕೊಂಡರೂ ಕ್ಷಮೆ ಸಿಗಲಿಲ್ಲ ಎಂದುಕೊಂಡೇ ತಮ್ಮ ದೇಶಕ್ಕೆ ಹೋದರು. ಕಳೆದ ವರ್ಷ ಅಲ್ಲೇ ತೀರಿಕೊಂಡರು.

"ಇಲ್ಲದ ಪಾರ್ಟಿಯ ಉಸಾಬರಿ ನಿಂಗೆ ಎಂತಕ್ಕೆ ಮಾರಾಯ್ತಿ?" ಎನ್ನುತ್ತಾರೆ ನನ್ನ ಗಂಡ. ಪಾರ್ಟಿಯ ಸಂಕಟವಲ್ಲ ನನ್ನದು.

ಅಲ್ ಮಬೇಲಾದ ನಮ್ಮ ಮನೆಯಲ್ಲಿ ಆ ಶಾರ್ಟ್‌ಹ್ಯಾಂಡ್ ಪುಸ್ತಕ ಇನ್ನೂ ಇದೆ. ಇಂದು ಬೆಳಿಗ್ಗೆ ಅದನ್ನು ತೆಗೆದು, ಅವರ ಸಾಲನ್ನು ಅವರು ಹೇಳಿದಂತೆಯೇ ಆನಾಳಿಗೆ ಟೈಪ್ ಮಾಡಿದೆ. ಇದನ್ನು ಮುಚ್ಚಿಟ್ಟವಳು ನಾನು ಎಂದು ಕೆಳಗೆ ಬರೆದೆ. ಎರಡು ಸಲ ಓದಿ, ಸಹಿ ಹಾಕಿದೆ.